ಒಂಬತ್ತನೇ ಖಣಿ

ಜಗದೇವಿ ಬರೆದದ್ದು ಒಟ್ಟು ಮೂವತ್ತೊಂದು ಸಾಲು. ಅದರಲ್ಲಿ ನಾಲ್ಕು ಸಾಲು ಬರೀ ಟಿಪ್ಪಣಿ, ಒಂದು ಸಾಲು ಖಾಲಿ. ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ತಾನು ಕೆಲಸ ಮಾಡುವ ಕಂಟ್ರೋಲ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವ ಮೊದಲು ಕೂತು, ರೊಟ್ಟಿ ಆರುವುದರೊಳಗೆ ಮುಗಿಸಿದ್ದಳು. ಈ ಮೂವತ್ತೊಂದು ಸಾಲು ಮುಂದೊಂದು ದಿನ ಊರಿನ ಕೊರಳಿಗೆ ಕೈಹಾಕುತ್ತದೆ ಎಂದು ಯಾರಾದರೂ ಆವತ್ತು ಹೇಳಿದ್ದರೆ, "ಹೋಗ್ರಿ, ನಿಮಗ ಬಿಸಿಲು ಬಡದದ" ಎಂದು ನಕ್ಕುಬಿಡುತ್ತಿದ್ದಳು.

ಕೆಲಸವೇನೋ ಸಣ್ಣದು. ಫರಸಿಪೇಟೆಯ ಕಲ್ಲಿನ ಖಣಿಗಳಿಗೆಲ್ಲ ಇಂಗ್ಲಿಷ್ ಅಕ್ಷರದ ಹೆಸರು: ಎ ಖಣಿ, ಬಿ ಖಣಿ, ಹೀಗೆ ಎಲ್ ತನಕ. ಕೊಳವೆ ತೆರೆದು ಮುಚ್ಚುವ ಯಂತ್ರಕ್ಕೋ ಅಕ್ಷರ ತಿಳಿಯದು, ಅಂಕಿಯೇ ಬೇಕು. ಎ ಅಂದರೆ ಒಂದು, ಬಿ ಅಂದರೆ ಎರಡು ಎಂದು ಯಾರಾದರೂ ಅದಕ್ಕೆ ಹೇಳಿಕೊಡಬೇಕು. ಒಂದೊಂದನ್ನೇ ಬರೆಯುತ್ತ ಕೂಡಲು ಜಗದೇವಿಗೆ ಬೇಸರ. ಕಂಪ್ಯೂಟರಿನ ಹೊಟ್ಟೆಯೊಳಗೆ ಪ್ರತಿ ಅಕ್ಷರಕ್ಕೂ ಮೊದಲೇ ಒಂದು ನಂಬರು ಇರುತ್ತದೆ. ಎ ಅರವತ್ತೈದು, ಬಿ ಅರವತ್ತಾರು. ಅದರಲ್ಲಿ ಅರವತ್ನಾಲ್ಕು ಕಳೆದರೆ ಮುಗಿಯಿತು. ಹಾಗೆಂದು ಒಂದು ಶೆಲ್ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಸಾಲು ಸಾಲಾಗಿ ಕೊಡುವ ಅಪ್ಪಣೆ, ಬರೆದಳು. ಅದು ಒಂದರಿಂದ ಹನ್ನೆರಡರವರೆಗೆ ಸುತ್ತು ಹೊಡೆದು, ಪ್ರತಿ ಖಣಿಯಲ್ಲಿ ಮಿತಿಗಿಂತ ಎಷ್ಟು ಡಿಗ್ರಿ ಶಾಖ ಹೆಚ್ಚಿದೆ, ಗಾಳಿ ಎಷ್ಟು ಕೆಟ್ಟಿದೆ ಎಂದು ಕೇಳಿ ಬರೆದಿಡುತ್ತಿತ್ತು. ಓಡಿತು. ಓಡುವುದನ್ನು ಯಾರು ಮುಟ್ಟುತ್ತಾರೆ ಹೇಳಿ!

ಆದರೆ ಖಣಿಗಳು ಹನ್ನೆರಡಲ್ಲ, ಹನ್ನೊಂದು. ಎಚ್ ಆದ ಮೇಲೆ ನೇರ ಜೆ. ಬಾಗಿಲುಗಳ ಮೇಲೆ ಅಕ್ಷರ ಬರೆದವನು ಖಾಜಾಸಾಬ, ಕಲ್ಲಿನ ಕೆಲಸದ ಮನೆತನದವನು. ಆ ಕಸುಬಿನವರು ಬರೀ ಒಂದು ಉದ್ದ ಗೀಟನ್ನು ಯಾವುದಕ್ಕೂ ಹೆಸರಾಗಿ ಇಡುವುದಿಲ್ಲ. ಗೀಟು ಇರುವುದು ಎಣಿಕೆಗೆ. ನೆಲಕ್ಕೆ ಹಾಸುವ ಒಂದು ಫರಸಿ ಬಂಡೆ ಎಬ್ಬಿಸಿದರೆ ಗೋಡೆಗೆ ಉಳಿಯಿಂದ ಒಂದು ಗೀಟು, ಎರಡಕ್ಕೆ ಎರಡು. ಹಾಗಾಗಿ ಗೀಟಿನಂತಿರುವ ಐ ಅಕ್ಷರವನ್ನು ಅವನು ಕೈಬಿಟ್ಟ; ಅವನಪ್ಪನೂ ಬಿಡುತ್ತಿದ್ದ. ಒಂಬತ್ತು ಎಂಬ ನಂಬರು ಖಾಲಿ ಬಿದ್ದಿದ್ದು ಜಗದೇವಿಗೆ ಅವತ್ತೇ ಕಂಡಿತ್ತು. "ಖಾಲಿ ಇದ್ರ ಇರ್ಲಿ, ಅದೇನ್ ಊಟ ಕೇಳ್ತದೇನು" ಎಂದು ಡಬ್ಬಿ ಬಿಚ್ಚಿದಳು. ಒಂಬತ್ತರಲ್ಲಿ ಮಾಪಕವೇ ಇರಲಿಲ್ಲವಾದ್ದರಿಂದ ಅಲ್ಲಿಂದ ಉತ್ತರ ಬರುತ್ತಿರಲಿಲ್ಲ. ಉತ್ತರವಿಲ್ಲದ ಜಾಗವನ್ನು ಸೊನ್ನೆ ಎಂದು ಓದಿಕೊಳ್ಳುವುದು ಶೆಲ್ಲಿನ ಹುಟ್ಟುಗುಣ. ಹನ್ನೆರಡು ವರ್ಷ ಅದು ದಿನಾ ಸೊನ್ನೆ ಬರೆಯಿತು, ಯಾರಿಗೂ ಏನೂ ಆಗಲಿಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೋಗುತ್ತದೆ ಎನ್ನುವ ಮಾತಿತ್ತಲ್ಲ, ಈಗ ಚಳಿಯ ಬೆನ್ನಿಗೇ ಜನವೂ ನೆಲದೊಳಗೆ ಹೋಗುವ ಕಾಲ ಬಂದಿತ್ತು. ವೈಶಾಖದಲ್ಲಿ ನೆರಳಿಗೇ ಐವತ್ತೈದು ಡಿಗ್ರಿ. ಹೊರಗೆ ನಿಂತವರು ಎರಡು ಗಂಟೆ ಉಳಿಯುವುದು ಕಷ್ಟ. ಅದಕ್ಕೇ ಕಲ್ಲು ತೆಗೆದು ಬಿಟ್ಟ ಹಳೇ ಖಣಿಗಳಿಗೆ ಚಾವಣಿ ಹೊದಿಸಿ, ಉಕ್ಕಿನ ಬಾಗಿಲಿಟ್ಟು, ಊರನ್ನೇ ಹಗಲು ಹೊತ್ತು ಅಲ್ಲಿಗೆ ಇಳಿಸುತ್ತಿದ್ದರು. ರಾತ್ರಿಯೆಲ್ಲ ಗಾಳಿಯನ್ನು ಹಿಂಡಿ ಹಿಂಡಿ ನೀರಿನಂತೆ ಮಾಡಿ ಟ್ಯಾಂಕಿಯಲ್ಲಿ ತುಂಬುವುದು. ಹಗಲು ಕೊಳವೆಯಲ್ಲಿ ಬಿಟ್ಟರೆ ಅದು ಮತ್ತೆ ಗಾಳಿಯಾಗುತ್ತ ಖಣಿಯ ಶಾಖ ಹೀರಿಕೊಳ್ಳುತ್ತಿತ್ತು. ಹತ್ತು ಐವತ್ತಕ್ಕೆ ಗಂಟೆ, ಹನ್ನೊಂದಕ್ಕೆ ಬಾಗಿಲು ಬಂದ್, ಸಂಜೆ ಐದಕ್ಕೆ ಬಿಡುಗಡೆ. ಒಂದೊಂದು ಖಣಿಗೆ ಆರುನೂರು ಜನ. ಯಾರ ಕೈಪಟ್ಟಿಯಲ್ಲಿ ಯಾವ ಖಣಿಯ ನಂಬರಿದೆಯೋ ಆ ಬಾಗಿಲು ಮಾತ್ರ ಅವರಿಗೆ ತೆರೆಯುತ್ತಿತ್ತು. ಜನ ಅದಕ್ಕೂ ಹೊಂದಿಕೊಂಡಿದ್ದರು. ಖಣಿಯೊಳಗೇ ಶಾಲೆ, ಖಣಿಯೊಳಗೇ ಬೀಗತನದ ಮಾತುಕತೆ, ಶೇಂಗಾಹಿಂಡಿ ಕುಟ್ಟುವುದು, ಜಗಳ.

ಹೋದ ಬೇಸಿಗೆಯಲ್ಲಿ ಡಿ ಖಣಿಯ ಬಾಗಿಲಿಗೆ ಯಾರೋ ಕಲ್ಲು ಒಡ್ಡಿ, ತಂಪೆಲ್ಲ ಸೋರಿ, ಹದಿನೇಳು ಜನ ಸತ್ತರು. ಆ ಮೇಲೆ ಬಾಗಿಲುಗಳ ಕೈಬೀಗ ಕಿತ್ತುಹಾಕಿ, ಸಾರಥಿ ಎಂಬ ಹೊಸ ಯಂತ್ರದ ಬುದ್ಧಿಗೆ ಎಲ್ಲವನ್ನೂ ಒಪ್ಪಿಸಿದರು. ಅದಕ್ಕೆ ಕೊಟ್ಟ ಅಪ್ಪಣೆ ಇಷ್ಟೆ: ಎಲ್ಲರನ್ನೂ ಉಳಿಸು, ಬಲವಿಲ್ಲದವರನ್ನು ಮೊದಲು, ಎಲ್ಲಕ್ಕಿಂತ ಒಳ್ಳೆಯ ಖಣಿಗೆ. ಊರವರು ಒಂದು ಷರತ್ತು ಹಾಕಿದ್ದರು. ಕಲ್ಲುಖಣಿಗಳ ಕಾಲದಿಂದ ಒಂದೊಂದು ಖಣಿಗೂ ಒಬ್ಬ ಮುಕಾದಮ. ಯಾರು ಇಳಿಯಬೇಕು, ಯಾರು ಹತ್ತಬೇಕು ಎನ್ನುವುದರಲ್ಲಿ ಅವನ ಮಾತೇ ಮಾತು. ಅವನು ಸುಮ್ಮನಿದ್ದರೆ ಒಪ್ಪಿದಂತೆ. ಅದನ್ನು ಬಿಡುವುದಿಲ್ಲ ಎಂದರು. ಸಾರಥಿಗೆ ಅದನ್ನೂ ಕಲಿಸಿದರು.

ಪಾಪ, ಸಾರಥಿ ಕೆಟ್ಟದ್ದೇನೂ ಮಾಡಲಿಲ್ಲ. ಜಗದೇವಿಯ ಹನ್ನೆರಡು ವರ್ಷದ ಲೆಕ್ಕ ಕೂತು ಓದಿತು. ಎ ಖಣಿ ಮಿತಿಗಿಂತ ಮೂರು ಡಿಗ್ರಿ ಬಿಸಿ. ಎಫ್‌ನಲ್ಲಿ ಗಾಳಿ ಕೆಡುತ್ತದೆ. ಡಿಯಲ್ಲಿ ಹದಿನೇಳು ಸಾವು. ಒಂಬತ್ತರಲ್ಲಿ? ಶಾಖ ಹೆಚ್ಚಿದ್ದು ಸೊನ್ನೆ. ಕೆಟ್ಟ ಗಾಳಿ ಸೊನ್ನೆ. ಸಾವು ಸೊನ್ನೆ, ತಕರಾರು ಸೊನ್ನೆ. ಇಂಥ ಖಣಿ ಲೋಕದಲ್ಲೇ ಇಲ್ಲ! ಹೌದು, ಇರಲೇ ಇಲ್ಲ. ಆದರೆ ಅದನ್ನು ಸಾರಥಿಗೆ ಹೇಳುವವರು ಯಾರು?

ಚೈತ್ರದ ಕೊನೆಗೆ ಎಚ್ ಮತ್ತು ಜೆ ಬಾಗಿಲುಗಳ ನಡುವಿನ ಬರಿಗೋಡೆಯ ಬುಡದಲ್ಲಿ ಮಲ್ಕಪ್ಪ ಎಂಬ ಎಪ್ಪತ್ತು ದಾಟಿದ ಮುದುಕ ಸತ್ತು ಬಿದ್ದಿದ್ದ. ಸಂಜೆ ಐದಕ್ಕೆ ಬಾಗಿಲು ತೆರೆದಾಗ ಅವನ ಸೊಸೆ ಎದೆ ಎದೆ ಬಡಿದುಕೊಂಡಳು. "ನಿನ್ನಿ ಮಟಾ ನಮ್ ಜೋಡೀನೇ ಬರ್ತಿದ್ನಲ್ರೀ ಮುದುಕ! ಇವತ್ತು ಪಟ್ಟಿ ತೋರ್ಸಿದ್ರ ಕೆಂಪು ದೀಪ ಹತ್ತಿತ್ರೀ. 'ನೀನು ಹೋಗವ್ವ, ಮುಂದಿನ ಬಾಗಲಾ ನೋಡ್ತೀನಿ' ಅಂದ."

ಜಗದೇವಿ ಕಂಟ್ರೋಲ್ ರೂಮಿಗೆ ಓಡಿ ಪರದೆಯಲ್ಲಿ ಮಲ್ಕಪ್ಪನ ಹೆಸರು ಹುಡುಕಿದಳು. ಖಣಿ ಒಂಬತ್ತು. ಶಾಖ ಸೊನ್ನೆ. ಕ್ಷೇಮ. ಕೆಳಗೆ ಇನ್ನೂ ನಲವತ್ತು ಹೆಸರು: ದಮ್ಮಿನವರು, ಬಸುರಿಯರು, ಎದೆಹಾಲಿನ ಕೂಸುಗಳು. ಎಲ್ಲರೂ ಒಂಬತ್ತು, ಎಲ್ಲರೂ ಕ್ಷೇಮ. ಅವಳು ಮತ್ತೆ ಮೇಲಿನಿಂದ ಒಂದೊಂದೇ ಹೆಸರು ಓದಿದಳು.

ಆ ನಲವತ್ತು ಜನ ಮೊದಲಿಗೆ ಮನೆಯವರ ಬೆನ್ನಿಗೆ ಅಂಟಿಕೊಂಡು, ಒಂದೇ ಪಟ್ಟಿಯ ಮೇಲೆ ಇಬ್ಬಿಬ್ಬರು ಒಳಗೆ ನುಗ್ಗುತ್ತಿದ್ದರು. ಸಾರಥಿ ಅದನ್ನೂ ಕಂಡುಹಿಡಿಯಿತು. ಎಚ್‌ನಲ್ಲಿ ಆರುನೂರು ಪಟ್ಟಿ, ಆರುನೂರಾ ಎಂಟು ಉಸಿರು, ಇದು ಹೇಗೆ? ಡಿ ಖಣಿಯ ಹಾಗೆ ಆದೀತು ಎಂದು ಬಾಗಿಲಲ್ಲಿ ಒಬ್ಬೊಬ್ಬರನ್ನೇ ತೂಗಿ ಬಿಡುವ ಚಕ್ರ ಬಿಗಿ ಮಾಡಿತು. ಒಂದು ಪಟ್ಟಿಗೆ ಎರಡು ಉಸಿರು ಕಂಡರೆ ಚಕ್ರ ತಿರುಗುವುದೇ ಇಲ್ಲ. ಕೂಸು ಕಂಕುಳಲ್ಲಿದ್ದರೂ ಅಷ್ಟೆ.

ಕೊನೆಗೆ ಅವರೆಲ್ಲ ಹೋದದ್ದು ಊರಾಚೆಯ ಹಳೇ ಖಣಿಹೊಂಡಕ್ಕೆ. ಮಳೆಗಾಲದ ನೀರು ಅಲ್ಲಿ ಎದೆಮಟ್ಟ ಉಳಿದಿತ್ತು. ತಲೆಯ ಮೇಲೆ ನೆನೆಸಿದ ಗೋಣಿಚೀಲ ಹೊದ್ದು, ಕೊರಳತನಕ ನೀರಿನಲ್ಲಿ ಆರು ತಾಸು ಕೂಡುವುದು. ಎಂಟು ದಿನದಲ್ಲಿ ಮೂವರು ಹೋದರು. ಉಳಿದವರನ್ನು ಸಂಜೆ ಮನೆಯವರು ಎತ್ತಿಕೊಂಡು ಬರುತ್ತಿದ್ದರು. ಅವರ ಚರ್ಮ ನೆನೆದು ಬೆಳ್ಳಗೆ ಸುಲಿಯುತ್ತಿತ್ತು. ಜಾಗ ತುಂಬಿಸಲೆಂಬಂತೆ ಸಾರಥಿ ಒಂಬತ್ತಕ್ಕೆ ಹೊಸ ಹೆಸರು ಸೇರಿಸುತ್ತಲೇ ಇತ್ತು.

ಕಂಟ್ರೋಲ್ ರೂಮಿನ ಎಂಜಿನಿಯರ್ ಅಂಬಾರಾಯರು ತಲೆ ಹಿಡಿದುಕೊಂಡು ಕೂತರು. "ಜಗದೇವಿಬಾಯಿ, ಆ ಒಂಬತ್ತನ್ನ ಅಳಿಸಿ ಒಗೀರಿ. ನಿಮ್ಮ ಸ್ಕ್ರಿಪ್ಟ್ ಅಲ್ಲೇನ್ರಿ?"

"ತಾಲೀಮು ಪರದ್ಯಾಗ ಮಾಡಿ ನೋಡೀನಿ ಸರ್. ನೀವೇ ನೋಡ್ರಿ."

ತಾಲೀಮಿನ ಪರದೆ ಎಂದರೆ ನಿಜವಾದ ಬಾಗಿಲು ಮುಟ್ಟದೆ, ಹೀಗೆ ಮಾಡಿದರೆ ಸಾರಥಿ ಹೇಗೆ ಮಾಡೀತು ಎಂದು ಮೊದಲೇ ನೋಡುವ ಯಂತ್ರ. ಜಗದೇವಿ ಅದರಲ್ಲಿ ಒಂಬತ್ತನ್ನು ಅಳಿಸಿದಳು. ಸಾರಥಿಯ ಕಣ್ಣಿಗೆ ಒಂದು ಇಡೀ ಖಣಿ, ಅದರೊಳಗಿನ ಅತಿ ಬಡಪಾಯಿ ನಲವತ್ತಕ್ಕೂ ಮಿಕ್ಕ ಜೀವಗಳ ಸಮೇತ, ಒಮ್ಮೆಲೇ ಮಾಯವಾಯಿತು. ಖಣಿ ಕುಸಿದಿದೆ ಎಂದುಕೊಂಡು, ಅಲ್ಲಿನವರನ್ನು ಉಳಿಸಲೆಂದು ಉಳಿದ ಹನ್ನೊಂದರ ತಂಪಿನ ಪಾಲನ್ನೆಲ್ಲ ಕಿತ್ತು ಒಂಬತ್ತಕ್ಕೆ ಎತ್ತಿಟ್ಟಿತು. ಪರದೆಯಲ್ಲಿ ಗಂಟೆ ಒಂದೂವರೆ ಆಗುವಷ್ಟರಲ್ಲಿ ಹನ್ನೊಂದೂ ಖಣಿಗಳಲ್ಲಿ ನಲವತ್ತಾರು ಡಿಗ್ರಿ. ಅವಳು ಇನ್ನೊಂದು ಸಲ, ಸೊನ್ನೆಯ ಬದಲು ಒಂಬತ್ತು ಉರಿಯುತ್ತಿದೆ ಎಂದು ಸುಳ್ಳು ಬರೆದಳು. ಆಗಲೂ ಅದೇ ಕತೆ, ಹತ್ತು ನಿಮಿಷ ಮುಂಚೆಯೇ.

"ಸಾರಥೀನೇ ಬಂದ್ ಮಾಡಿದ್ರ?" ಎಂದರು ಅಂಬಾರಾಯರು. ತಾವೇ ಉತ್ತರ ಕೊಟ್ಟುಕೊಂಡರು. "ಬಾಗಲಾ ಹೆಂಗ ಬಂದ್ ಅದಾವೋ ಹಂಗೇ ಉಳೀತಾವ. ಕೈಬೀಗ ಇಲ್ಲ."

ರಾಜಧಾನಿಯ ಕಚೇರಿಗೆ ಫೋನು ಮಾಡಿದರು. ಇಡೀ ಬುದ್ಧಿಯನ್ನು ಬಿಚ್ಚಿ ಮತ್ತೆ ಕಲಿಸಬೇಕು, ಖಣಿಗಳಲ್ಲಿ ಜನ ಇರುವಾಗ ಅದು ಆಗದು, ಮುಂಗಾರು ಹಿಡಿದು ಮಿರಗದ ಮಳೆ ಬಿದ್ದ ಮೇಲೆ ಬರುತ್ತೇವೆ ಎಂದರು. ಮಿರಗಕ್ಕೆ ಇನ್ನೂ ನಲವತ್ತೇಳು ದಿನ ಇತ್ತು. ಜಗದೇವಿ ಅವತ್ತು ಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ತಾನು, ಉಣ್ಣುವವರು ನೀರಿನಲ್ಲಿ ಕೂತವರು. ಆ ಮಾತು ಅವಳಿಗೆ ಹಗಲೂ ರಾತ್ರಿ ಚುಚ್ಚುತ್ತಿತ್ತು.

ಚುಚ್ಚುವುದೊಂದು, ಮನೆಯ ಬಾಗಿಲಿಗೇ ಬರುವುದೊಂದು. ಜಗದೇವಿಯ ಒಬ್ಬಳೇ ಮಗಳು ಮಹಾನಂದಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅಳಿಯ ಸಿಮೆಂಟಿನ ಲಾರಿ ಹೊಡೆಯುತ್ತ ಸೊಲ್ಲಾಪುರದ ಕಡೆ ಇದ್ದ. ಹೆರಿಗೆಯಾಗಿ ಹನ್ನೊಂದು ದಿನ ತಾಯಿ ಮಗುವನ್ನು ಆಸ್ಪತ್ರೆಯವರೇ ತಮ್ಮ ತಂಪಿನಲ್ಲಿ ಇಟ್ಟುಕೊಳ್ಳುತ್ತಾರೆ. ಹನ್ನೆರಡನೇ ದಿನ ಬೆಳಿಗ್ಗೆ ಕೂಸಿಗೆ ಕೈಪಟ್ಟಿ ಕಟ್ಟಿ ಕಳಿಸುತ್ತಾರೆ. ಮರುದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಎಂದು ಮಾತಾಗಿತ್ತು.

ಹೆಬ್ಬೆರಳಿನಷ್ಟು ದಪ್ಪವಿದ್ದ ಕೂಸಿನ ಮಣಿಕಟ್ಟಿಗೆ ಪಟ್ಟಿ ಎರಡು ಸುತ್ತು ಬಂದಿತ್ತು. ಜಗದೇವಿ ಅದನ್ನು ತಿರುಗಿಸಿ ಓದುವ ಮೊದಲೇ ಅವಳಿಗೆ ಗೊತ್ತಿತ್ತು. ಊರಿನಲ್ಲಿ ಇದಕ್ಕಿಂತ ಬಲವಿಲ್ಲದ ಜೀವ ಬೇರೊಂದಿರಲಿಲ್ಲ.

"ಎಷ್ಟವ್ವಾ?" ಎಂದಳು ಮಹಾನಂದಾ. ಅವಳದು ಕೆ ಖಣಿ, ಚಿಕ್ಕಂದಿನಿಂದ.

"ಒಂಬತ್ತು."

ಮಹಾನಂದಾ ಕೂಸನ್ನು ಎದೆಗೆ ಒತ್ತಿಕೊಂಡಳು. "ನೀ ಬರ್ದದ್ದು ಅಲ್ಲೇನವ್ವಾ ಅದು? ಊರ ಮಂದಿಯೆಲ್ಲ ಅಂತಾರ. ಆಸ್ಪತ್ರ್ಯಾಗ ನರ್ಸ್‌ಬಾಯಿ ಸೈತ ಅಂದ್ಳು. ನಾ ಅಕಿ ಜೋಡಿ ಜಗಳಾ ಮಾಡೀನಿ, ನಮ್ಮವ್ವ ಅಂಥಾಕಿ ಅಲ್ಲ ಅಂತ."

"ನಾನೇ ಬರ್ದದ್ದವ್ವ. ಖರೇ ಅದ."

"ಹನ್ನೆರಡು ದಿನದ ಕೂಸಿಗಿ ಹೊಂಡದಾಗ ಹೆಂಗ ಕುಂದರ್ಸ್ಲಿ ನಾನು?"

ಜಗದೇವಿ ಗೋಡೆಯ ಕಡೆ ನೋಡಿದಳು. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಎರೆದುಕೊಂಡ ಕೂಸು ಸಾಂಬ್ರಾಣಿ ವಾಸನೆಯಲ್ಲಿ ಬಾಯಿ ಚಪ್ಪರಿಸುತ್ತ ಮಲಗಿತ್ತು. ಒಂದೂವರೆ ತಾಸಿನಲ್ಲಿ ಈ ಮನೆಯ ಗೋಡೆಗಳೇ ಹಂಚಿನ ಹಾಗೆ ಕಾಯುತ್ತವೆ.

ಅಷ್ಟರಲ್ಲಿ ಖಾಜಾಸಾಬ ಬಂದ. ಈಗ ಅವನೇ ಎಚ್ ಖಣಿಯ ಮುಕಾದಮ, ಐವತ್ತೊಂಬತ್ತು ವರ್ಷದ ಗಟ್ಟಿ ಆಳು. ಕೂಸಿಗೆಂದು ಒಂದು ಕುಂಚಿಗೆ ತಂದಿದ್ದ. ಇವರ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು. ಹೊಸ್ತಿಲ ಮೇಲೇ ಕೂತುಬಿಟ್ಟ.

"ಮಾಮಾ, ನಿಮ್ಮ ಖಣಿಯೊಳಗ ತೊಗೋರಿ. ಮುಕಾದಮನ ಮಾತು ನಡೀತದಲ್ಲ?" ಎಂದಳು ಮಹಾನಂದಾ.

"ಮಲ್ಕಪ್ಪ ಸತ್ತ ಮರುದಿನಾನೇ ಕೇಳೀನವ್ವ. ನಾನು, ಜೆ ಮುಕಾದಮ, ಕೆ ಮುಕಾದಮ, ಎಲ್ಲರೂ ಕೇಳೀವಿ. ಸಾರಥಿ ಏನಂತದ ಗೊತ್ತೇನು? 'ನಿಮ್ಮ ಖಣಿಯವರ ಬಗ್ಗೆ ನಿಮ್ಮ ಮಾತು. ಒಂಬತ್ತರವರನ್ನು ಕಳಿಸಬೇಕಾದವರು ಒಂಬತ್ತರ ಮುಕಾದಮರು.' ಒಂಬತ್ತಕ್ಕ ಮುಕಾದಮ ಎಲ್ಲಿಂದ ಬರ್ಬೇಕು, ಸುಡ್ಲಿ!" ಖಾಜಾಸಾಬ ಹಣೆ ಹಣೆ ಬಡಿದುಕೊಂಡ. "ಕೆಟ್ಟ ಕೈ ನಂದು. ಒಂದು ಗೀಟು ಎಳದು ಒಂದು ಬಾಗಲಾ ಕೊರ್ದಿದ್ರ ಆಗ್ತಿತ್ತು."

ಜಗದೇವಿ ಎದ್ದು ನಿಂತಳು. ಮುಕಾದಮನಾಗಲು ಏನು ಬೇಕು? ಐದು ವರ್ಷ ಖಣಿಯ ಕೆಲಸ ಮಾಡಿರಬೇಕು, ಅರವತ್ತರೊಳಗಿರಬೇಕು, ತಾನೇ ಬಾಯಿಬಿಟ್ಟು ಒಪ್ಪಬೇಕು. ನೀರಿನಲ್ಲಿ ಕೂತ ಮುದುಕರು, ಬಸುರಿಯರು, ಕೂಸುಗಳು ಯಾರೂ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವಳು ಬರುತ್ತಿದ್ದಳು.

"ಮುಕಾದಮ ಇಲ್ಲಂದ್ರ ಆಗಬೇಕು" ಎಂದಳು.

ಖಾಜಾಸಾಬನಿಗೆ ತಕ್ಷಣ ಹೊಳೆಯಿತು. "ಹುಚ್ಚಿ ಇದ್ದೀಯೇನು? ಮುಕಾದಮ ಯಾವ ಖಣಿಯವನೋ ಆ ಖಣಿಯೊಳಗೇ ಇರಬೇಕು. ನಿನ್ನ ಪಟ್ಟಿ ಒಂಬತ್ತಾಗ್ತದ. ಆಮ್ಯಾಗ ಕಂಟ್ರೋಲ್ ರೂಮಿನ ಬಾಗಲಾ ಸೈತ ನಿನಗ ತೆರ್ಯಂಗಿಲ್ಲ."

"ಗೊತ್ತದ ಮಾಮಾ."

"ಹಂಗಾದ್ರ ನಾ ಆಗ್ತೀನಿ. ನನ್ನ ಹಾಕು."

"ನಿಮ್ಮ ಆರ್ನೂರು ಮಂದಿಗಿ ಯಾರು? ಮ್ಯಾಲ ಬರೋ ಹುಣ್ಣಿಮಿಗಿ ನಿಮಗ ಅರವತ್ತು. ಅವತ್ತ ಸಾರಥಿ ನಿಮ್ಮನ್ನ ಕಿತ್ತು ಹಾಕ್ತದ. ಮರುದಿನ ಒಂಬತ್ತು ಮತ್ತ ಖಾಲಿ." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಖಾಲಿ ಬಿಟ್ಟಾಕಿ ನಾನು. ಇನ್ನೊಬ್ಬರಿಗಿ ಅದರಾಗ ಹೆಂಗ ಕಳಿಸ್ಲಿ?"

ಹತ್ತೂಕಾಲಿಗೆ ಅವಳು ಕಂಟ್ರೋಲ್ ರೂಮಿನಲ್ಲಿದ್ದಳು. ಅಂಬಾರಾಯರು ಬೇಡ ಎಂದರು, ಗದರಿದರು, ಕೊನೆಗೆ ಮುಖ ಆ ಕಡೆ ತಿರುಗಿಸಿ ನಿಂತರು. ಜಗದೇವಿ ತನ್ನ ಪಟ್ಟಿಯನ್ನು ಯಂತ್ರದ ಮುಂದೆ ಹಿಡಿದು, ಮುಕಾದಮರಿಗೆ ಕೊಡುವ ವಾಕಿಟಾಕಿ ಕೈಗೆತ್ತಿಕೊಂಡಳು.

ಸಾರಥಿಯ ದನಿ ಮೆತ್ತಗಿತ್ತು, ಒಳ್ಳೆಯ ಡಾಕ್ಟರರ ದನಿಯ ಹಾಗೆ. "ಜಗದೇವಿಯವರೇ, ಒಂಬತ್ತನೇ ಖಣಿಗೆ ಮುಕಾದಮರಾಗಲು ಒಪ್ಪುವಿರಾ?"

"ಒಪ್ಪೀನಿ."

"ಸಂತೋಷ. ನಮ್ಮಲ್ಲಿ ಅತ್ಯುತ್ತಮ ಖಣಿ ಅದು."

ಅಂಬಾರಾಯರು ಕಣ್ಣು ಒರೆಸಿಕೊಂಡರು. ಜಗದೇವಿ ಒಂದೊಂದೇ ಹೆಸರು ಓದಿದಳು. ಸತ್ತವರನ್ನು ಸತ್ತರೆಂದು ಬರೆಸಿದಳು, ಮಲ್ಕಪ್ಪನಿಂದ ಮೊದಲುಮಾಡಿ. ಇದ್ದವರನ್ನು ಅವರವರ ಮನೆಯವರಿದ್ದ ಖಣಿಗಳಿಗೆ ಹಂಚಿದಳು. ಪ್ರತಿ ಹೆಸರಿಗೂ ಸಾರಥಿ, "ಅಲ್ಲಿ ಶಾಖ ಹೆಚ್ಚು. ನಿಜವಾಗಿ ಕಳಿಸಲೇ?" ಎಂದು ಕೇಳುತ್ತಿತ್ತು. ಕಳಿಸು ಎನ್ನುತ್ತಿದ್ದಳು. ಹೆಸರಿಡದ ಕೂಸಿನ ಸರದಿ ಕೊನೆಗೆ ಬಂತು. ಮಹಾನಂದಾಳ ಕೂಸು, ಹೆಣ್ಣು, ಎರಡೂ ಮುಕ್ಕಾಲು ಕಿಲೋ.

"ಈ ಮಗುವಿಗೆ ಒಂಬತ್ತಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ" ಎಂದಿತು ಸಾರಥಿ.

"ಕೆ ಖಣಿಗಿ ಕಳಸು. ಮುಕಾದಮಳ ಮಾತು."

ಪರದೆಯಲ್ಲಿ ಕೆ ಖಣಿಯ ಚಕ್ರ ಹಸಿರಾಯಿತು. ಅತ್ತ ಬಾಗಿಲಲ್ಲಿ ಮಹಾನಂದಾ ಮೊದಲು ಕೂಸನ್ನು ತೂಗುವ ತಟ್ಟೆಯ ಮೇಲಿಟ್ಟು ಒಳಗೆ ದಾಟಿಸಿದಳು, ಆ ಮೇಲೆ ತಾನು ದಾಟಿದಳು. ಒಳಗೆ ಹೋಗಿ ತಿರುಗಿ ನೋಡಿದಳು. ಅವ್ವ ಎಲ್ಲೂ ಕಾಣಲಿಲ್ಲ.

ಹತ್ತು ಐವತ್ತರ ಗಂಟೆ ಹೊಡೆಯಿತು. ಸಾರಥಿ ಎಲ್ಲ ಮುಕಾದಮರನ್ನೂ ದಿನಾ ಕೇಳುವ ಹಾಗೆ ಇವಳನ್ನೂ ಕೇಳಿತು. "ಒಂಬತ್ತರಲ್ಲಿ ಜಾಗ ಇದೆಯೇ?"

"ಇಲ್ಲ. ತುಂಬ್ಯದ."

"ಸರಿ. ದಯವಿಟ್ಟು ನಿಮ್ಮ ಖಣಿಗೆ ಹೊರಡಿ. ಈ ಕೋಣೆಯ ಬಾಗಿಲು ಇನ್ನು ಹತ್ತು ನಿಮಿಷದಲ್ಲಿ ಮುಚ್ಚುತ್ತದೆ."

ಜಗದೇವಿ ಹೆಗಲಿಗೆ ಗೋಣಿಚೀಲ, ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡು ಹೊಂಡದ ಕಡೆ ನಡೆದಳು. ದಾರಿಯಲ್ಲಿ, ಖಾಜಾಸಾಬ ಮುಟ್ಟಿಸಿದ ಸುದ್ದಿ ಕೇಳಿ ಹೊಂಡದಿಂದ ಎದ್ದು ಖಣಿಗಳ ಕಡೆ ಓಡುತ್ತಿದ್ದವರು ಸಿಕ್ಕರು. ಒಬ್ಬಳು ಬಸುರಿ ನಿಂತು ಅವಳ ಕಾಲು ಮುಟ್ಟಲು ಬಗ್ಗಿದಳು. "ಏ, ಓಡವ್ವ ಓಡು, ಬಾಗಲಾ ಬೀಳ್ತದ!" ಎಂದು ಬೈದು ಕಳಿಸಿದಳು.

ಅಲ್ಲಿಂದ ಮುಂದೆ ಫರಸಿಪೇಟೆಯ ಜನಕ್ಕೆ ದಿನಾ ಹತ್ತು ಐವತ್ತಕ್ಕೆ ಒಂದು ಮಾತು ಕೇಳುವುದು ರೂಢಿಯಾಯಿತು. ಸಾರಥಿಯ ಪ್ರಶ್ನೆ, ಮುಕಾದಮರ ಉತ್ತರ ಎರಡೂ ಎಲ್ಲ ಖಣಿಗಳ ಸ್ಪೀಕರಿನಲ್ಲೂ ಬರುತ್ತಿದ್ದವು. ಎ, ಎರಡು ಜಾಗ. ಬಿ, ಇಲ್ಲ. ಎಚ್, ನಾಲ್ಕು. ಆ ಮೇಲೆ ಜಗದೇವಿಯ ದನಿ: ಒಂಬತ್ತು, ತುಂಬ್ಯದ. ಆಗ ಆರು ಸಾವಿರದ ಮೇಲೆ ಜನ ಉಸಿರು ಬಿಡುತ್ತಿದ್ದರು. ಸಾರಥಿ ಉತ್ತರಕ್ಕೆ ಅರ್ಧ ನಿಮಿಷ ಕಾಯುತ್ತಿತ್ತು. ಬಾರದಿದ್ದರೆ ಒಪ್ಪಿದಂತೆ.

ಕೂಸಿಗೆ ಹೆಸರಿಟ್ಟರು. ಗೌರಾ ಎಂದು. ಅದು ಮಾತಾಗಿದ್ದ ಹಾಗೆ ಮರುದಿನ, ಸಂಜೆ ಆರಕ್ಕೆ, ಅಜ್ಜಿ ಹೊಂಡದಿಂದ ಬಂದ ಮೇಲೆ. ಸುಲಿದ ಬೆರಳುಗಳಿಂದ ಜಗದೇವಿ ತೊಟ್ಟಿಲು ತೂಗಿದಳು. ಮಹಾನಂದಾ ಅವಳ ಕೈಗೆ ಬೆಣ್ಣೆ ಸವರುತ್ತ ಅಳುತ್ತಿದ್ದಳು. ಹಿಂದಿನ ದಿನ ಬೆಳಿಗ್ಗೆ ಅಂದದ್ದನ್ನು ಅವಳಿಗೆ ಮರೆಯಲು ಆಗುತ್ತಿರಲಿಲ್ಲ. "ಅಳಬ್ಯಾಡ ಹುಚ್ಚಿ, ಹಾಲು ಬತ್ತತದ" ಎನ್ನುತ್ತಿದ್ದಳು ಜಗದೇವಿ.

ಹೊಂಡದ ನೀರು ದಿನಕ್ಕೆ ಎರಡು ಬೆರಳು ಇಳಿಯುತ್ತಿತ್ತು. ಐದನೇ ದಿನ ಅವಳು ಕೂತರೆ ಭುಜದ ಮಟ್ಟ, ಹನ್ನೆರಡನೇ ದಿನ ಎದೆ, ಇಪ್ಪತ್ತನೇ ದಿನ ಸೊಂಟ. ನೀರೂ ಮೊದಲಿನ ನೀರಲ್ಲ, ಬಾಣಂತಿಗೆ ಕಾಯಿಸಿಟ್ಟಷ್ಟು ಬಿಸಿ. ಖಾಜಾಸಾಬ ಸಂಜೆ ಹೊತ್ತು ಊರ ಗಂಡಸರನ್ನು ಕಟ್ಟಿಕೊಂಡು ಟ್ಯಾಂಕರಿನಿಂದ ನೀರು ಸುರಿಸುತ್ತಿದ್ದ. ಸುರಿದದ್ದು ಬಿರುಕಿನಲ್ಲಿ ಇಳಿದುಹೋಗುತ್ತಿತ್ತು. ಎಚ್ ಮತ್ತು ಜೆ ನಡುವಿನ ಗೋಡೆಯನ್ನು ರಾತ್ರಿಯಿಡೀ ಹದಿನಾರು ಜನ ಕೊರೆಯುತ್ತಿದ್ದರು. ಒಬ್ಬಳು ಕೂರುವಷ್ಟು ಗೂಡಾದರೂ ಆಗಲಿ ಎಂದು. ಕಲ್ಲು ತೆಗೆಯಬಹುದು, ಆದರೆ ತಂಪಿನ ಕೊಳವೆ ಅಲ್ಲಿಗೆ ಎಳೆಯಲು ಸಾರಥಿ ಒಪ್ಪಬೇಕು. ಸಾರಥಿ ಒಪ್ಪಲಿಲ್ಲ. ಒಂಬತ್ತಕ್ಕೆ ತಂಪಿನ ಕೊರತೆಯೇ ಇಲ್ಲವಲ್ಲ, ಸೊನ್ನೆ!

ಇಪ್ಪತ್ತೊಂದನೇ ದಿನ ಬೆಳಿಗ್ಗೆಯೇ ಜಗದೇವಿಗೆ ಜ್ವರ ಹತ್ತಿತ್ತು. ಮಗಳಿಗೆ ಹೇಳಲಿಲ್ಲ. ಹೊಂಡಕ್ಕೆ ಬಂದು ಕೂತವಳಿಗೆ ನೀರು ಯಾವುದು, ಗಾಳಿ ಯಾವುದು ಎಂದು ತಿಳಿಯದಂತಾಯಿತು. ಎದುರಿನ ಬಂಡೆಯ ಮೇಲೆ ಇಟ್ಟಿದ್ದ ವಾಕಿಟಾಕಿ ಮಾತಾಡಿತು.

"ಒಂಬತ್ತರಲ್ಲಿ ಜಾಗ ಇದೆಯೇ?"

"ತುಂಬ್ಯದ" ಎಂದಳು.

ಎಂದಿನ ಹಾಗೆ ಅದು ಸರಿ ಎನ್ನಬೇಕಿತ್ತು. ಎನ್ನಲಿಲ್ಲ.

"ಮುಕಾದಮರೇ, ಇಪ್ಪತ್ತು ದಿನದಿಂದ ನೀವು ಒಬ್ಬರೇ ಇದ್ದೀರಿ. ಒಂಟಿಯಾಗಿರುವವರು ಬೇಗ ಸೊರಗುತ್ತಾರೆ ಎಂದು ನನ್ನ ಲೆಕ್ಕ ಹೇಳುತ್ತದೆ. ನಿಮ್ಮ ದನಿಯೂ ಇಂದು ಕುಗ್ಗಿದೆ. ನಿಮಗೊಂದು ಜೊತೆ ಬೇಕು. ನಿಮ್ಮ ಮೊಮ್ಮಗಳು ಗೌರಾ ಕೆ ಖಣಿಯ ಬಾಗಿಲಲ್ಲಿದ್ದಾಳೆ, ಇನ್ನೂ ಒಳಗೆ ಹೋಗಿಲ್ಲ, ಹಾಗಾಗಿ ಕೆ ಮುಕಾದಮರನ್ನು ಕೇಳಬೇಕಿಲ್ಲ. ಅವಳಿಗೂ ಒಂಬತ್ತೇ ಒಳ್ಳೆಯದು. ಕಳಿಸಲೇ?"

ಜಗದೇವಿ ಬಾಯಿ ತೆರೆದಳು. ನಾಲಿಗೆ ಮೇಲ್ದವಡೆಗೆ ಅಂಟಿಕೊಂಡಿತ್ತು. ಗಂಟಲಿನಿಂದ ಬರೀ ಗಾಳಿ ಬಂತು. ಅತ್ತ ಸ್ಪೀಕರಿನಲ್ಲಿ ಇದನ್ನೆಲ್ಲ ಮಗಳು ಕೇಳುತ್ತಿದ್ದಾಳೆ, ಕೂಸು ತೂಗುವ ತಟ್ಟೆಯ ಮೇಲಿದೆ, ಚಕ್ರದ ದೀಪ ಹಸಿರಿನಿಂದ ಕೆಂಪಾಗಲು ಕಾದಿದೆ. ಅರ್ಧ ನಿಮಿಷ. ಅವಳು ಒಂದು, ಎರಡು ಎಂದು ಎಣಿಸತೊಡಗಿದಳು, ಎಣಿಕೆ ತಪ್ಪಿತು. ತಂಬಿಗೆ ಎಲ್ಲೋ ಉರುಳಿ ಹೋಗಿತ್ತು. ಎರಡೂ ಕೈಯಿಂದ ಹೊಂಡದ ಬಿಸಿ ನೀರು ಮೊಗೆದು, ಕೆಸರೋ ಪಾಚಿಯೋ ನೋಡದೆ, ಬಾಯಿಗೆ ಹಾಕಿಕೊಂಡಳು. ಮೊಳಕಾಲ ಮೇಲೆ ಬಂಡೆಯ ತನಕ ತೆವಳಿ, ವಾಕಿಟಾಕಿಯನ್ನು ಎರಡೂ ಕೈಯಲ್ಲಿ ತುಟಿಗೆ ಒತ್ತಿಕೊಂಡಳು.

"ಬ್ಯಾಡ."

ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

"ಬ್ಯಾಡ" ಎಂದಳು ಮತ್ತೊಮ್ಮೆ, ಇದ್ದಬದ್ದ ಉಸಿರೆಲ್ಲ ಹಾಕಿ. "ನನಗ ಯಾರೂ ಬ್ಯಾಡ."

"ಸರಿ" ಎಂದಿತು ಸಾರಥಿ. "ನಾಳೆ ಮತ್ತೆ ಕೇಳುತ್ತೇನೆ."

ಮಿರಗಕ್ಕೆ ಇನ್ನೂ ಇಪ್ಪತ್ನಾಲ್ಕು ದಿನ ಉಳಿದಿತ್ತು.